ಅನುದಾನದ ಅತ್ತೆ

ನಮ್ಮ ಅತ್ತೆಯ ಮನೆಯಲ್ಲಿ ಶಿರಾ ತಿನ್ನಬೇಕಾದರೆ ಸಭೆ ಕರೆಯಬೇಕು. ನಗಬೇಡಿ, ಸಭೆಗೆ ಕೋರಂ ಬೇಕು, ಕೋರಂ ಇಲ್ಲದಿದ್ದರೆ ಶಿರಾ ಮುಂದಕ್ಕೆ ಹೋಗುತ್ತದೆ. ಒಮ್ಮೆ ಶ್ರಾವಣದಲ್ಲಿ ಹೀಗೆ ಮುಂದಕ್ಕೆ ಹೋದದ್ದು ದೀಪಾವಳಿಗೆ ಬಂದು ಮುಟ್ಟಿತು!

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಜಮಖಂಡಿಯಿಂದ ಸಾವಳಗಿಯ ಕಡೆ ಹೋಗುವಾಗ, ಕೈ ಮಾಡಿದರಷ್ಟೇ ಬಸ್ಸು ನಿಲ್ಲುವ ಒಂದು ಹಳ್ಳಿಯವಳು. ಹುಟ್ಟಿದ್ದೂ ಅಲ್ಲೇ, ಸಾಲಿ ಕಲಿತದ್ದೂ ಅಲ್ಲೇ, ಮದುವೆಯಾಗಿ ಹೋದದ್ದು ಎರಡು ಓಣಿಯ ಆಚೆಗೆ. ಗಂಡನ ಮೇಲೆ ಸಿಟ್ಟು ಮಾಡಿಕೊಂಡು ತವರಿಗೆ ಹೊರಟರೆ ಒಲೆಯ ಮೇಲಿನ ಚಹಾ ಉಕ್ಕುವುದರೊಳಗೆ ಮುಟ್ಟುತ್ತಿದ್ದಳಂತೆ. ಅರವತ್ತು ದಾಟಿದ ಮೇಲೆ ಗ್ರಾಮ ಪಂಚಾಯಿತಿಯ ಸದಸ್ಯೆಯಾದಳು. ಆ ವಾರ್ಡು ಹೆಂಗಸರಿಗೆ ಮೀಸಲಾದಾಗ ಊರ ಹಿರಿಯರು, "ಈಕಿ ಭಾಳ ಸಂಭಾವಿತಾಕಿ, ತೋರಿಸಿದಲ್ಲೆ ಸಹಿ ಮಾಡ್ತಾಳ" ಎಂದು ತಾವೇ ಮುಂದೆ ನಿಂತು ಆರಿಸಿ ತಂದರು. ಆ ಹಿರಿಯರು ಈಗ ಅತ್ತೆ ಎದುರಿಗೆ ಬಂದರೆ ಬೇರೆ ಓಣಿ ಹಿಡಿಯುತ್ತಾರೆ.

ಇದಕ್ಕೆಲ್ಲ ಕಾರಣ ಬಾಗಲಕೋಟೆಯಲ್ಲಿ ನಡೆದ ಮೂರು ದಿನದ ತರಬೇತಿ. ಉಳಿದ ಸದಸ್ಯರು ಅಲ್ಲಿಯ ಊಟ ಹೊಗಳುತ್ತ ತಿರುಗಿ ಬಂದರೆ, ಅತ್ತೆ ಒಂದು ನೋಟ್‌ಬುಕ್ಕು ತುಂಬಿಸಿಕೊಂಡು ಬಂದಳು. ಪಂಚಾಯಿತಿಗೆ ಬರುವ ಅನುದಾನದಲ್ಲಿ ಎರಡು ಬಗೆ. ನಿರ್ಬಂಧಿತ ಅನುದಾನ ಎಂದರೆ ಕುಡಿಯುವ ನೀರಿಗೆ, ಶೌಚಾಲಯ ಗಟಾರಗಳಿಗೆ ಮಾತ್ರ ಬಳಸಬೇಕಾದದ್ದು. ಇನ್ನೊಂದು ಅನಿರ್ಬಂಧಿತ, ಊರಿಗೆ ಬೇಕಾದ ಬೇರೆ ಕೆಲಸಕ್ಕೂ ಬಳಸಬಹುದು. ಅತ್ತೆ ಇದನ್ನು ಮಾಮನಿಗೆ, ಅಂದರೆ ತನ್ನ ಗಂಡನಿಗೆ, ಹೀಗೆ ತಿಳಿಸಿ ಹೇಳಿದಳು: "ಕಟ್ಟಿದ ಎಮ್ಮಿ, ಬಿಟ್ಟ ಎಮ್ಮಿ. ಕಟ್ಟಿದ್ದು ಮುಂದ ಹಾಕಿದ್ದನ್ನ ತಿನ್ನಬೇಕು. ಬಿಟ್ಟದ್ದು ಕಂಡಲ್ಲೆ ಮೇಯತೈತಿ."

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮರುದಿನವೇ ಅಡುಗೆಮನೆಯ ಡಬ್ಬಿಗಳಿಗೂ ಕಾಯ್ದೆ ಬಂತು. ಸಕ್ಕರೆ ಎರಡು ಪಾಲಾಯಿತು, ಕಟ್ಟಿದ ಸಕ್ಕರೆ, ಬಿಟ್ಟ ಸಕ್ಕರೆ. ನಾನೊಮ್ಮೆ ಜಮಖಂಡಿಯಿಂದ ಹೋದಾಗ ಮಾಮ ಪ್ರೀತಿಯಿಂದ, "ಹುಡಿಗಿ ಬಂದಾಳ, ಒಂದೀಟು ಶಿರಾ ಮಾಡು" ಎಂದ.

"ಬಿಟ್ಟ ಸಕ್ಕರಿ ತೀರೇತ್ರಿ. ಉಳದದ್ದು ಚಹಾದ್ದು. ಶಿರಾಕ್ಕ ಬಳಸಾಕ ಬರೂದಿಲ್ಲ."

"ಮತ್ತ ಹ್ಯಾಂಗ?"

"ಠರಾವು ಮಾಡೂನು. ಮೂರು ಮಂದಿ ಅದೇವಿ, ಕೋರಂ ಆತು."

ಚಹಾದ ಸಕ್ಕರೆಯನ್ನು ಶಿರಾಕ್ಕೆ ಬಳಸಬಹುದೆಂದು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಠರಾವು ಬರೆದಳು. ಮಾಮ ಸೂಚಿಸಿದ, ನಾನು ಅನುಮೋದಿಸಿದೆ. ಶಿರಾ ಬಂತು, ಚೆನ್ನಾಗಿಯೂ ಇತ್ತು. ಆದರೆ ಮರುದಿನದಿಂದ ನಾಲ್ಕು ದಿನ ಮಾಮ ಸಪ್ಪನೆಯ ಚಹಾ ಕುಡಿದನೆಂದು ಆಮೇಲೆ ಗೊತ್ತಾಯಿತು.

ರಾಜ್ಯದ ಬಜೆಟ್ಟಿನ ದಿನವಂತೂ ಕೇಳಬೇಡಿ. ಅವತ್ತು ಮನೆಯಲ್ಲಿ ಹೋಳಿಗೆ. ಮುಖ್ಯಮಂತ್ರಿಗಳು ಟೀವಿಯಲ್ಲಿ ಓದಲು ನಿಂತರೆಂದರೆ ಕುಕ್ಕರು ಕೂಡ ಸೀಟಿ ಹೊಡೆಯುವಂತಿಲ್ಲ. ಭಾಷಣವೋ ಹನುಮಂತನ ಬಾಲ! ಅತ್ತೆ ಎದುರಿಗೆ ಖಾಲಿ ಬಟ್ಟಲಿಟ್ಟುಕೊಂಡು ಕುಳಿತು, 'ಗ್ರಾಮ ಪಂಚಾಯಿತಿ' ಎಂಬ ಮಾತು ಬಂದಾಗಲೆಲ್ಲ ಅದರಲ್ಲೊಂದು ಶೇಂಗಾ ಹಾಕುತ್ತಾಳೆ. ಒಂದು ವರ್ಷ ಬಟ್ಟಲಿಗೆ ಒಂಬತ್ತು ಬಿದ್ದವು. ಭಾಷಣ ಮುಗಿದ ಮೇಲೆ ನೋಡಿದರೆ ನಾಲ್ಕೇ ಇವೆ. ಪಕ್ಕದಲ್ಲಿ ಕುಳಿತ ಮಾಮ ಏನೂ ಅರಿಯದವನಂತೆ ಬಾಯಿ ಒರೆಸಿಕೊಳ್ಳುತ್ತಿದ್ದ. ಅತ್ತೆ ಸಿಟ್ಟಾಗಲಿಲ್ಲ. "ಇರಲಿ ಬಿಡು. ಬೆಂಗಳೂರಿಂದ ಹೊಂಟದ್ದು ನಮ್ಮೂರು ಮುಟ್ಟೂದ್ರಾಗ ಇಷ್ಟ ಉಳಿತೈತಿ" ಎಂದು ಉಳಿದದ್ದನ್ನು ನನ್ನ ಕೈಗೆ ಹಾಕಿದಳು.

ಅತ್ತೆಗೆ ಇನ್ನೊಂದು ಹುಚ್ಚಿದೆ. ಅದು ಪಂಚಾಯಿತಿಗಿಂತ ಹಳೆಯದು. ಯಾರ ಮನೆಗೆ ಹೋದರೂ ಮೊದಲು ಬಚ್ಚಲಿನ ಚಿಲಕ ನೋಡುತ್ತಾಳೆ. ಕೈಚೀಲದಲ್ಲಿ ಎಲೆಅಡಿಕೆಯ ಪಕ್ಕದಲ್ಲೇ ಒಂದು ಸ್ಕ್ರೂ ಡ್ರೈವರ್! ನನ್ನ ತಂಗಿಗೆ ಮುಧೋಳದ ಹುಡುಗನನ್ನು ನೋಡಲು ಹೋದಾಗ, ಹಿರಿಯರೆಲ್ಲ ಪಡಸಾಲೆಯಲ್ಲಿ ಗಂಭೀರವಾಗಿ ಹೆಣ್ಣು ಕೊಡುವ ಮಾತು ಆಡುತ್ತಿದ್ದರು. ಒಳಗಿನಿಂದ ಠಕ್ ಠಕ್ ಸದ್ದು. ಬೀಗರು ಕಂಗಾಲು. ಸ್ವಲ್ಪ ಹೊತ್ತಿಗೆ ಅತ್ತೆ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು, "ನಿಮ್ಮ ಬಚ್ಚಲ ಚಿಲಕ ಬೀಳತಿರಲಿಲ್ರಿ. ಈಗ ಬೀಳತೈತಿ. ನಮ್ಮ ಹುಡಿಗಿ ಕೊಡಾಕ ಇನ್ನ ಅಡ್ಡಿ ಇಲ್ಲ" ಎಂದಳು. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಬಸ್ಸು ಜಮಖಂಡಿ ಮುಟ್ಟಿದರೂ ನಗು ನಿಂತಿರಲಿಲ್ಲ.

ಊರಿನ ಸಾಲಿಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲೇ ಉಳಿದಿರಲಿಲ್ಲ. ಏಳನೆಯ ತರಗತಿಯ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದರೆ ಮತ್ತೆ ಬರುತ್ತಿರಲಿಲ್ಲ. ಕೆಲವರು ಬರುವುದನ್ನೇ ಬಿಟ್ಟಿದ್ದರು. ಪಂಚಾಯಿತಿಯ ಸಭೆಯಲ್ಲಿ ಅತ್ತೆ ಹೊಸ ಶೌಚಾಲಯ ಕೇಳಿದಳು. ಅಧ್ಯಕ್ಷರಿಗೆ ಮಾತ್ರ ಊರ ಬಾಗಿಲಿಗೆ ಒಂದು ಸ್ವಾಗತ ಕಮಾನು ಕಟ್ಟಿಸುವ ಆಸೆ. ಬಿಟ್ಟ ಅನುದಾನ ರಸ್ತೆಗೆ ಹೋಗಿತ್ತು, ಉಳಿದದ್ದು ಕಟ್ಟಿದ್ದು.

"ಕಮಾನು ನೀರಿನ ಕೆಲಸಾನ ಅಲ್ಲೇನ್ರಿ? ಸಿಮೆಂಟಿಗೆ ಇಪ್ಪತ್ತೊಂದು ದಿನ ನೀರು ಹೊಡಿಯೂದೈತಿ" ಎಂದರು ಅಧ್ಯಕ್ಷರು.

"ನೀವೂ ದಿನಾ ಜಳಕಾ ಮಾಡ್ತೀರಿ. ನಿಮ್ಮನ್ನೂ ಕ್ರಿಯಾಯೋಜನೆದಾಗ ಬರಕೋಬೇಕೇನ್ರಿ?"

ಸಭೆ ನಕ್ಕಿತು, ಅಧ್ಯಕ್ಷರೂ ನಕ್ಕರು, ಶೌಚಾಲಯ ಪಾಸಾಯಿತು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ? ಅನುದಾನದ ಕಂತು ಬರಲೇ ಇಲ್ಲ. ಅತ್ತೆ ತಾಲೂಕಿಗೆ ಹೋಗಿ ವಿಚಾರಿಸಿದಳು. ಹಿಂದಿನ ಕಂತನ್ನು ಸರಿಯಾಗಿ ಬಳಸಿದ್ದೇವೆ ಎಂಬ ಪ್ರಮಾಣಪತ್ರ ಕೊಟ್ಟರೆ ಮಾತ್ರ ಮುಂದಿನದು ಎಂಬುದು ನಿಯಮ. ಪತ್ರ ಊರಿನಿಂದಲೇ ಹೋಗಿರಲಿಲ್ಲ!

ಮರುದಿನ ಮುಂಜಾನೆ ಅತ್ತೆ ಹಳೆಯ ಸೀರೆಗಳ ಗಂಟು ಹೊತ್ತು ಪಂಚಾಯಿತಿ ಕಚೇರಿಗೆ ಹೋಗಿ ನೆಲದ ಮೇಲೆ ಕೌದಿ ಹಾಸಿ ಹೊಲಿಯಲು ಕುಳಿತಳು. ಕೌದಿ ಎಂದರೆ ಕರವಸ್ತ್ರವಲ್ಲ, ಕಚೇರಿಯ ಅರ್ಧ ನೆಲ ಅದರ ಕೆಳಗೆ ಹೋಯಿತು. ಕೌದಿ ತುಳಿಯುವುದು ಪಾಪ, ದಾಟುವುದು ಕಷ್ಟ. ಅಧ್ಯಕ್ಷರು ಗೋಡೆಗೆ ಬೆನ್ನು ಹಚ್ಚಿ ನಡೆದು ತಮ್ಮ ಕುರ್ಚಿ ಮುಟ್ಟಿದರು.

"ಎಂದ ಮುಗಿತೈತ್ರಿ ಇದು?"

"ಪತ್ರ ಸಿಕ್ಕ ದಿನ ಮುಗಿತೈತ್ರಿ."

ಮೂರನೆಯ ದಿನ ಪತ್ರ ಸಿಕ್ಕಿತು, ಕಪಾಟಿನಲ್ಲಿ, ಸ್ವಾಗತ ಕಮಾನಿನ ನಕ್ಷೆಯ ಕೆಳಗೆ. ಅಧ್ಯಕ್ಷರು ಅಲ್ಲೇ ಸಹಿ ಹಾಕಿ, "ಕೌದಿ ಛಲೋ ಬಂದೈತ್ರಿ. ನಮ್ಮ ಮೊಮ್ಮಗಳಿಗೂ ಒಂದು ಹಾಕಿಕೊಡ್ರಿ, ಆದ್ರ ಮನ್ಯಾಗ ಕುಂತು" ಎಂದರು.

ಕಂತು ಬಂತು, ಕಟ್ಟಡವೂ ಆಯಿತು. ಉದ್ಘಾಟನೆಗೆ ನನ್ನನ್ನೂ ಕರೆದಿದ್ದಳು. ಅಧ್ಯಕ್ಷರೇ ಕತ್ತರಿಯನ್ನು ಅತ್ತೆಯ ಕೈಗಿಟ್ಟರು. ಅತ್ತೆ ರಿಬ್ಬನ್ನು ಕತ್ತರಿಸಿದವಳು ಭಾಷಣಕ್ಕೆ ತಿರುಗದೆ ನೇರ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಟಕ್ ಎಂದು ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಒಂದು ನಿಮಿಷವಾಯಿತು, ಐದಾಯಿತು. ಹುಡುಗಿಯರು ಕಿಸಕ್ಕೆಂದರು, ನಾನೂ ನಗಲು ತಯಾರಾದೆ.

"ಚಿಲಕ ಸಿಕ್ಕೊಂಡತೇನ್ರಿ ಒಳಗ?" ಎಂದು ಅಧ್ಯಕ್ಷರು ಗಾಬರಿಯಾದರು.

ಮಾಮ ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ: "ಇರಲಿ ಬಿಡವಾ. ಇದ ಸಾಲ್ಯಾಗ ನಾ ಆಕಿಗಿಂತ ಒಂದ ವರ್ಷ ಮುಂದಿದ್ದೆ. ಲೆಕ್ಕದಾಗ ಆಕಿನ ಯಾರೂ ಹಿಂದ ಹಾಕಿದ್ದಿಲ್ಲ. ಏಳನೇ ಕ್ಲಾಸಿನಾಗ ದೊಡ್ಡಾಕಿ ಆದ್ಲು. ಅವಾಗ ಇಲ್ಲೆ ಒಂದ ಮೋಟು ಗ್ವಾಡಿ ಇತ್ತು, ಬಾಗಲಿದ್ದಿಲ್ಲ. ಹುಡುಗೂರು ಇಣಕಿ ನಕ್ರು. ಮರುದಿನದಿಂದ ಆಕಿ ಸಾಲಿಗೆ ಬರಲಿಲ್ಲ."

ಮುಧೋಳದ ಆ ಬಚ್ಚಲು, ಅಂದು ನಾನು ನಕ್ಕದ್ದು ನೆನಪಾಗಿ ನಾಚಿಕೆಯಾಯಿತು.

ಅತ್ತೆ ಹೊರಗೆ ಬಂದಳು. ಕಣ್ಣುಗಳು ಒದ್ದೆಯಾಗಿದ್ದವು, ಮುಖ ಮಾತ್ರ ಹಬ್ಬದಂತಿತ್ತು. "ಛಲೋ ಬೀಳತೈತಿ" ಎಂದಳು, ಅಷ್ಟೇ ಭಾಷಣ. ಆಮೇಲೆ ಏಳನೆಯ ತರಗತಿಯ ಹುಡುಗಿಯೊಬ್ಬಳನ್ನು ಹತ್ತಿರ ಕರೆದು, ಕೈಚೀಲದಿಂದ ಆ ಸ್ಕ್ರೂ ಡ್ರೈವರ್ ತೆಗೆದು ಅವಳ ಕೈಗೆ ಕೊಟ್ಟಳು.

"ಸಡಲಾತಂದ್ರ ನೀವ ಬಿಗಿ ಮಾಡ್ಕೋರಿ ಯವ್ವಾ. ಅನುದಾನದ ಹಾದಿ ಕಾಯಬ್ಯಾಡ್ರಿ. ಸಾಲಿ ಬಿಡಬ್ಯಾಡ್ರಿ."

ಮನೆಗೆ ಬಂದ ಮೇಲೆ ಅತ್ತೆ ಶಿರಾ ಮಾಡಿದಳು. ಯಾವ ಡಬ್ಬಿಯ ಸಕ್ಕರೆ ಎಂದು ನಾನೂ ಕೇಳಲಿಲ್ಲ, ಮಾಮನೂ ಕೇಳಲಿಲ್ಲ.