ಕಂಪನಿ ಡಬ್ಬ, ಹೊರಗಿನ ಡಬ್ಬ

ರಿಪೇರಿಗೆ ಕಾರೊಂದೇ ಬರುವುದಿಲ್ಲ, ಜೊತೆಗೆ ಅದರ ಮಾಲೀಕನೂ ಬರುತ್ತಾನೆ. ಹಾಗಾಗಿ ನಂಜನಗೂಡಿನ ನನ್ನ ಗ್ಯಾರೇಜಿನಲ್ಲಿ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ.

ತೊಂಬತ್ತರ ದಶಕದಲ್ಲಿ ಊಟಿ ರಸ್ತೆಯ ಪಕ್ಕ ಶೆಡ್ಡು ಹಾಕಿದಾಗ ಒಂದು ಸ್ಕ್ರೂಡ್ರೈವರು, ಎರಡು ಕಿವಿ ಇದ್ದರೆ ಸಾಕಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಎಂಥ ಅಳುಬುರುಕ ಕಾರೂ ಸುಮ್ಮನಾಗುತ್ತಿತ್ತು. ಎರಡು ಸಾವಿರದ ಇಸವಿಯ ಆಚೆ ಈಚೆ ಆ ಕಾರ್ಬ್ಯುರೇಟರೇ ಮಾಯವಾಯಿತು. ಬದಲಿಗೆ ಡ್ಯಾಶ್‌ಬೋರ್ಡಿನ ಕೆಳಗೆ ಟಿಫಿನ್ ಬಾಕ್ಸಿನಷ್ಟು ದೊಡ್ಡ ತಗಡಿನ ಡಬ್ಬ. ಪೆಟ್ರೋಲು ಎಷ್ಟು, ಕಿಡಿ ಯಾವಾಗ ಅಂತ ಎಲ್ಲವನ್ನೂ ತೀರ್ಮಾನಿಸುವ ಕಂಪ್ಯೂಟರು ಅದು. ತಿರುಗಿಸೋಣವೆಂದರೆ ಒಂದೇ ಒಂದು ಸ್ಕ್ರೂ ಇಲ್ಲ! ಗಿರಾಕಿಗಳು ಒಬ್ಬೊಬ್ಬರಾಗಿ ಮೈಸೂರಿನ ಕಂಪನಿ ಸರ್ವೀಸಿಗೆ ಜಾರಿಕೊಂಡರು. ನಾನು ಮೊದಲೇ ಒಂದು ಕಡೆ ಕೂರುವ ಆಸಾಮಿಯಲ್ಲ. ಶೆಡ್ಡಿನಿಂದ ರಸ್ತೆಗೆ, ರಸ್ತೆಯಿಂದ ಶೆಡ್ಡಿಗೆ ಓಡಾಡಿ ಚಪ್ಪಲಿ ಸವೆಸಿದೆ. ಈ ಡಬ್ಬದ ವಿದ್ಯೆ ಕೈಗೆ ಹತ್ತದಿದ್ದರೆ ಶೆಡ್ಡಿಗೆ ಬೀಗ ಹಾಕಬೇಕು ಅನ್ನುವುದು ಗೊತ್ತಿತ್ತು. ನಿಜ ಹೇಳುತ್ತೇನೆ, ಭಯವಾಗಿತ್ತು.

ಯಜಮಾನರ ಬಲಗಾಲು

ಪಕ್ಕದ ಕಳಲೆ ಊರಿನ ಯಜಮಾನರೊಬ್ಬರು ಹಳೇ ಕಾರು ಮಾರಿ ಡಬ್ಬದ ಕಾರು ತಂದರು. ಮೂರನೇ ದಿನಕ್ಕೆ ನನಗೆ ಬುಲಾವು.

"ಮೇಸ್ತ್ರಿ, ಈ ಗಾಡಿ ಮನೇರ್ಗೆಲ್ಲ ಸ್ಟಾರ್ಟ್ ಆಯ್ತದೆ, ನನ್ಗೊಬ್ನಿಗೆ ಆಗಕಿಲ್ಲ."

ಹಾಗೂ ಉಂಟೇ ಅಂತ ನಾನು ಕೀ ತಿರುಗಿಸಿದೆ. ತಕ್ಷಣ ಸ್ಟಾರ್ಟು. ಅವರ ಸೊಸೆ ತಿರುಗಿಸಿದರು, ಸ್ಟಾರ್ಟು. ಯಜಮಾನರು ಕೂತು ತಿರುಗಿಸಿದರೆ ಬರೀ ಗುರ್ ಗುರ್. ಅವರು ಇಳಿದು ಬಂದು ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು: "ಗಾಡೀನ ಮಗನ್ ಎಸ್ರಿಗೆ ಬರ್ಸಿದ್ವಿ ಕಣಪ್ಪ. ಆ ಕಂಪ್ಯೂಟ್ರಿಗೆ ಅದು ಗೊತ್ತಾಗೋಗದೆ."

ಎರಡು ದಿನ ಪ್ಲಗ್ಗು, ಪಂಪು, ವೈರು ಎಲ್ಲ ಬಿಚ್ಚಿ ಕಟ್ಟಿದೆ. ಕೊನೆಗೆ ಕೊಯಮತ್ತೂರಿನ ಪರಿಚಯದ ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡಿದೆ. ಅವನು ಒಂದೇ ಪ್ರಶ್ನೆ ಕೇಳಿದ: "ಅವರ ಕಾಲು ಎಲ್ಲಿರುತ್ತೆ?"

ನೋಡಿದರೆ ಯಜಮಾನರು ಆಕ್ಸಿಲರೇಟರನ್ನು ತಳಮುಟ್ಟ ಒತ್ತಿಕೊಂಡೇ ಕೀ ತಿರುಗಿಸುತ್ತಿದ್ದರು. ಕಾರ್ಬ್ಯುರೇಟರಿನ ಕಾಲದ ನಲವತ್ತು ವರ್ಷದ ರೂಢಿ. ಈ ಡಬ್ಬಕ್ಕೋ, ಹಾಗೆ ಪೂರ್ತಿ ಒತ್ತಿ ಸ್ಟಾರ್ಟ್ ಮಾಡಿದರೆ 'ಇಂಜಿನ್ನಿನಲ್ಲಿ ಪೆಟ್ರೋಲು ಹೆಚ್ಚಾಗಿದೆ, ನಿಲ್ಲಿಸು' ಎಂದು ಅರ್ಥ. ಅದು ಪೆಟ್ರೋಲು ನಿಲ್ಲಿಸುತ್ತಿತ್ತು, ಇವರು ಇನ್ನೂ ಒತ್ತುತ್ತಿದ್ದರು.

"ಕಾಲು ತೆಗೆದು ತಿರುಗಿಸಿ" ಅಂದೆ. ಕಾಲು ಮಾತು ಕೇಳಲಿಲ್ಲ, ತಾನಾಗಿಯೇ ಕೆಳಗೆ ಇಳಿಯಿತು. ಕೊನೆಗೆ ಬಲಗಾಲನ್ನು ಸೀಟಿನ ಮೇಲೆ ಮಡಚಿಸಿ, ಊಟಕ್ಕೆ ಕೂರುವ ಹಾಗೆ ಕೂರಿಸಿದೆ. ಕೀ ತಿರುಗಿಸಿದರು. ಕಾರು ಹೂವೆತ್ತಿದ ಹಾಗೆ ಸ್ಟಾರ್ಟ್ ಆಯಿತು.

ಯಜಮಾನರು ಸೊಸೆಯ ಕಡೆ ತಿರುಗಿ ಮೀಸೆ ತಿರುವಿದರು. "ಅಂಗಾದ್ರೆ ಗಾಡಿ ನನ್ ಎಸ್ರಲ್ಲೇ ಅದೆ ಕಣವ್ವ!"

ಹಳದಿ ದೀಪ

ನಂಜನಗೂಡು ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರ ಕಾರಿನಲ್ಲಿ ಹಳದಿ ದೀಪ ಹತ್ತಿಕೊಂಡಿತ್ತು. ಅದು ಹತ್ತಿದರೆ ಡಬ್ಬಕ್ಕೆ ಏನೋ ತಕರಾರಿದೆ ಎಂದರ್ಥ. ಏನು ತಕರಾರು ಎಂದು ಕೇಳುವ ಯಂತ್ರ ಮೈಸೂರಿನಲ್ಲಿತ್ತು, ನನ್ನ ಹತ್ತಿರ ಇರಲಿಲ್ಲ. ಇವರನ್ನೂ ಮೈಸೂರಿಗೆ ಬಿಟ್ಟುಕೊಡುವುದೇ ಎಂದು ಹೊಟ್ಟೆ ಉರಿಯಿತು. ಬ್ಯಾಟರಿಯ ವೈರು ಕಿತ್ತು, ಒಂದು ಟೀ ಕುಡಿದು ಬಂದು, ಮತ್ತೆ ಸಿಕ್ಕಿಸಿದೆ. ಡಬ್ಬ ತನ್ನ ತಕರಾರನ್ನೇ ಮರೆತಿತ್ತು, ದೀಪ ಆರಿತ್ತು. ವ್ಯಾಪಾರಿ ನನ್ನ ಕೈ ಹಿಡಿದು ಕುಲುಕಿದರು. "ಮೈಸೂರ್ನೋರು ಮೂರು ದಿನ ಬೇಕು ಅಂದಿದ್ರು ಸಾ!" ನಾನು ಅಂದು ನೆಲದ ಮೇಲೆ ನಡೆಯಲಿಲ್ಲ.

ಮಾರನೇ ದಿನ ಬೆಳಿಗ್ಗೆಯೇ ಮತ್ತೆ ಬಂದರು. ಬ್ಯಾಟರಿ ಕಿತ್ತದ್ದಕ್ಕೆ ಕಾರಿನ ರೇಡಿಯೊ ತನ್ನನ್ನು ಯಾರೋ ಕದ್ದಿದ್ದಾರೆ ಎಂದುಕೊಂಡು ಬಾಯಿ ಮುಚ್ಚಿತ್ತು. ಬಾಯಿ ಬಿಡಬೇಕಾದರೆ ಅದಕ್ಕೊಂದು ಗುಟ್ಟಿನ ನಂಬರು ಹೇಳಬೇಕು. ಆ ನಂಬರಿನ ಚೀಟಿ ಎಲ್ಲಿದೆಯೋ ಅವರಿಗೆ ಗೊತ್ತಿಲ್ಲ. "ದಾರಿ ಉದ್ದಕ್ಕೂ ಮನೆಯವಳ ಮಾತೊಂದೇ ಕೇಳ್ಕೊಂಡು ಬಂದೆ" ಎಂದು ಕಣ್ಣಲ್ಲಿ ನೀರು ತುಂಬಿಕೊಂಡರು.

"ಆ ಹಳದಿ ದೀಪ ಬೇಕಾದ್ರೆ ಎರಡು ಉರೀಲಿ ಸಾ, ನನ್ ಹಾಡು ವಾಪಸ್ ಕೊಡಿ."

ಹುರುಳಿ ಹೇಳಿದ ತೀರ್ಪು

ಟಿ. ನರಸೀಪುರದ ಅಕ್ಕಿ ಗಿರಣಿಯ ಮಾಲೀಕರಿಗೆ ವೇಗದ ಹುಚ್ಚು. ಕಾರಿನ ಜೊತೆ ಬಂದ ಕಂಪನಿ ಡಬ್ಬ ತೆಗೆದು, ಬೇರೆಯವರು ಮಾಡಿ ಮಾರುವ ಹೊರಗಿನ ಡಬ್ಬ ಹಾಕಿದರೆ ಕಾರು ಚೆನ್ನಾಗಿ ಎಳೆಯುತ್ತದೆ ಎಂದು ಎಲ್ಲೋ ಕೇಳಿಕೊಂಡು ಬಂದಿದ್ದರು. ಕಂಪನಿ ಡಬ್ಬ ನಮ್ಮ ಮಾತು ಕೇಳುವುದಿಲ್ಲ. ಹೊರಗಿನದಕ್ಕಾದರೆ ಲ್ಯಾಪ್‌ಟಾಪು ಜೋಡಿಸಿ ಪೆಟ್ರೋಲು, ಕಿಡಿ ಎರಡನ್ನೂ ನಾವೇ ಹೇಳಬಹುದು. ನನಗಂತೂ ಕಳೆದುಹೋಗಿದ್ದ ಸ್ಕ್ರೂ ವಾಪಸ್ ಸಿಕ್ಕಷ್ಟು ಸಂತೋಷವಾಯಿತು. ಕೊಯಮತ್ತೂರಿನಿಂದ ಡಬ್ಬ ತರಿಸಿ, ಹದಿನೈದು ದಿನ ಅದರ ಜೊತೆ ಗುದ್ದಾಡಿದೆ.

ಗಿರಣಿಯವರು ಮೊದಲೇ ಹೇಳಿದ್ದರು: "ವ್ಯತ್ಯಾಸ ಗೊತ್ತಾಗ್ಬೇಕು ಮೇಸ್ತ್ರಿ. ಗೊತ್ತಾದ್ರೆ ನರಸೀಪುರದ ಗಾಡಿಗಳನ್ನೆಲ್ಲ ನಿಮ್ ಶೆಡ್ಡಿಗೆ ಕಳಿಸ್ತೀನಿ. ಇಲ್ಲ ಅಂದ್ರೆ ನನ್ ಗಾಡೀನೂ ಮೈಸೂರಿಗೇ." ಅವರು ಹೋದರೆ ನನಗೆ ಉಳಿಯುವುದು ಗ್ರೀಸಿನ ಡಬ್ಬ ಮಾತ್ರ.

ಪರೀಕ್ಷೆಗೆ ಸುತ್ತೂರು ದಾಟಿ ನರಸೀಪುರದ ಕಡೆ ಹೋಗುವ ನೇರ ರಸ್ತೆ ಹಿಡಿದೆವು. ಬೆಳಿಗ್ಗೆ ಕಂಪನಿ ಡಬ್ಬದಲ್ಲಿ ಆರು ಸಲ, ಮಧ್ಯಾಹ್ನ ಹೊರಗಿನ ಡಬ್ಬದಲ್ಲಿ ಆರು ಸಲ ಅದೇ ದಾರಿ ಓಡಿಸುವುದು ಎಂದು ಮಾತು. ಸುಗ್ಗಿಯ ಕಾಲ. ರಸ್ತೆ ತುಂಬ ಕಿತ್ತ ಹುರುಳಿ ಗಿಡ ಹರಡಿದ್ದರು. ಹೋಗಿ ಬರುವ ಗಾಡಿಗಳೇ ಬಡಿದು ಕಾಳು ಬಿಡಿಸಲಿ ಎಂಬ ನಮ್ಮ ಕಡೆಯ ಉಪಾಯ. ಹುರುಳಿಯ ಒಡತಿ ಒಬ್ಬ ಅಜ್ಜಿ, ಕೈಯಲ್ಲಿ ಗಿಡ ತಿರುವುವ ಕವೆಗೋಲು.

ಬೆಳಿಗ್ಗೆ ಮೂರನೇ ಸಲ ಹೋದಾಗಲೇ ಅಜ್ಜಿಗೆ ನಾವು ಯಾರೋ ಪುಣ್ಯಾತ್ಮರು ಅನ್ನಿಸಿತ್ತು. "ನಿಮ್ ಒಟ್ಟೆ ತಣ್ಗಿರ್ಲಿ, ಇನ್ನೊಂದ್ ಕಿತ ಬನ್ರಪ್ಪ" ಎಂದು ಹುರುಳಿ ಗಿಡ ತಿರುವಿ ತಿರುವಿ ಹಾಕಿದಳು.

ಮರದ ಕೆಳಗೆ ಡಬ್ಬ ಬದಲಾಯಿಸಿದೆ. ಮತ್ತೆ ಆರು ಸಲ ಓಡಿಸಿದೆವು. ಗಿರಣಿಯವರು ಸ್ಟೀರಿಂಗಿನಲ್ಲಿ, ನಾನು ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಪಕ್ಕದಲ್ಲಿ. ಸೀಟಿನ ತುದಿಗೆ ಜಾರಿ ಜಾರಿ ಬೆವೆತುಹೋದೆ. ಗಿರಣಿಯವರು ಕಾರು ನಿಲ್ಲಿಸಿ ಇಳಿದು, ನಿಟ್ಟುಸಿರು ಬಿಟ್ಟರು.

"ನನಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲ ಮೇಸ್ತ್ರಿ. ತೆಗೆದುಬಿಡಿ."

ಲ್ಯಾಪ್‌ಟಾಪಿನ ಅಂಕಿಗಳನ್ನು ತೋರಿಸಿದೆ. "ಅಂಕಿ ನಿಮಗೆ ಅರ್ಥ ಆಗುತ್ತೆ, ನನಗೆ ಆಗಲ್ಲ" ಅಂದರು. ನನಗೆ ಅಳು ಬಂತು. ಹದಿನೈದು ದಿನದ ನಿದ್ದೆ, ಶೆಡ್ಡು, ಹೆಸರು ಎಲ್ಲ ಆ ರಸ್ತೆಯ ಪಕ್ಕದಲ್ಲೇ ಮುಗಿಯಿತು ಅಂದುಕೊಂಡೆ. ಸ್ಪ್ಯಾನರು ಕೈಗೆತ್ತಿಕೊಂಡೆ.

ಅಷ್ಟರಲ್ಲಿ ಅಜ್ಜಿ ಕವೆಗೋಲು ಎತ್ತಿಕೊಂಡು ಓಡಿ ಬಂದಳು. "ಏನ್ ಬಂತ್ರಲಾ ನಿಮ್ಗೆ? ಬೆಳಿಗ್ಗೆ ಚೆಂದಾಗೇ ತುಳುಸ್ತಿದ್ರಿ. ಕಾಳೆಲ್ಲ ರೋಡ್ ಮ್ಯಾಲೇ ಬೀಳ್ತಿದ್ವು. ಈಗ ನೋಡು, ಚಿಮ್ಮಿ ಚರಂಡಿಗಂಟ ಎಗುರ್ತವೆ! ಅದೇನ್ ಮಾಡ್ದೆ ಆ ಗಾಡಿಗೆ?"

ಗಿರಣಿಯವರು ಚರಂಡಿಗೆ ಬಗ್ಗಿ ನೋಡಿದರು. ಹುರುಳಿ ಕಾಳು! ರಸ್ತೆಯ ಅಂಚಿನಿಂದ ಅಲ್ಲಿಗೆ ಹೆಜ್ಜೆ ಅಳೆದರು. ಇನ್ನೊಮ್ಮೆ ಅಳೆದರು. ಮುಖ ಅರಳಿತು.

"ಎಳೆತ ಜಾಸ್ತಿ ಆಗ್ದೆ ಕಾಳು ಇಷ್ಟು ದೂರ ಹಾರಲ್ಲ ಮೇಸ್ತ್ರಿ, ಡಬ್ಬ ಮುಟ್ಬೇಡಿ! ನಾಳೆನೇ ನಮ್ ಅಣ್ಣನ ಗಾಡಿ ಕಳಿಸ್ತೀನಿ."

ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಸಂತೋಷಕ್ಕೆ ಅಜ್ಜಿಯ ಕಾಲಿಗೆ ಬೀಳುವುದೊಂದು ಬಾಕಿ. ಅಜ್ಜಿ ಮಾತ್ರ ಬಾನೆಟ್ಟಿನ ಮುಂದೆ ಕವೆಗೋಲು ಊರಿ ನಿಂತುಬಿಟ್ಟಳು.

"ಬೆಳಿಗ್ಗೆ ಎಂಗಿತ್ತೋ ಅಂಗೇ ಮಾಡುದ್ರೆ ಗಾಡಿ ಮುಂದಕ್ಕೋಯ್ತದೆ. ಇನ್ನೂ ಅರ್ಧ ಉರ್ಳಿ ಅಂಗೇ ಅದೆ."

ಏನೂ ಮಾಡುವ ಹಾಗಿರಲಿಲ್ಲ. ಮತ್ತೆ ಮರದ ಕೆಳಗೆ ಹೋಗಿ ಹೊರಗಿನ ಡಬ್ಬ ಬಿಚ್ಚಿ, ಕಂಪನಿ ಡಬ್ಬ ಹಾಕಿ, ಸಂಜೆಯವರೆಗೂ ಹುರುಳಿ ತುಳಿದೆವು. ಕಾಳು ರಸ್ತೆಯ ಮೇಲೇ ಬಿದ್ದವು. ಅಜ್ಜಿಗೆ ಸಮಾಧಾನವಾಯಿತು. ಗಿರಣಿಯವರನ್ನು ಪಕ್ಕಕ್ಕೆ ಕರೆದು, ನನಗೂ ಕೇಳಿಸುವ ಹಾಗೆ ಬುದ್ಧಿ ಹೇಳಿದಳು:

"ಈ ಮೇಸ್ತ್ರಿ ಕೈಗೆ ಇನ್ನೊಂದ್ ಕಿತ ಗಾಡಿ ಕೊಡ್ಬ್ಯಾಡ ಕಣ್ ಮಗ. ಚೆಂದಾಗಿದ್ದ ಗಾಡೀನ ಊಟದ ಒತ್ಗೆಲ್ಲ ಕೆಡ್ಸಾಕಿದ್ದ!"