ಎಲ್ಲರಿಗೂ ಒಂದನೇ ನಂಬರು

ಪಂಚಾಕ್ಷರಿಯ ತಾಪತ್ರಯ ಶುರುವಾದದ್ದು ಒಂದು ಪೆನ್ಸಿಲ್ಲಿನಿಂದ. ಮಾರೇನಹಳ್ಳಿಯ ಬಾಡಿಗೆ ಮನೆಯಲ್ಲಿ ಮರದ ಹಲಗೆ ಕೆತ್ತಿ, ಮಸಿ ಬಳಿದು, ಕಾಗದದ ಮೇಲೆ ಚಿತ್ರ ಅಚ್ಚೊತ್ತುವುದು ಅವನ ಕಸುಬು. ಈ ಸಲ ಕೆತ್ತಿದ್ದು ತೀರಿಹೋದ ಅವ್ವನ ಮುಖ. ಕ್ಯಾಮೆರಾ ಕಂಡರೆ ಸೆರಗು ಅಡ್ಡ ಹಿಡಿಯುತ್ತಿದ್ದ ಶಾಂತವ್ವನದು ನೆಟ್ಟಗಿನ ಒಂದು ಫೋಟೋ ಕೂಡ ಇರಲಿಲ್ಲ. ಆರು ತಿಂಗಳು ನೆನಪನ್ನೇ ಕೆದಕಿ ಕೆತ್ತಿದ್ದ. ಆ ಮುಖ ಇನ್ನೊಮ್ಮೆ ಕೈಗೆ ಬರುತ್ತದೆಂಬ ಧೈರ್ಯ ಅವನಿಗಿರಲಿಲ್ಲ.

ತೆಗೆದದ್ದು ಎಂಟೇ ಪ್ರತಿ. ಕಸುಬಿನ ಕಟ್ಟಳೆಯಂತೆ ಒಂದೊಂದರ ಅಡಿಯಲ್ಲೂ ಅದು ಎಂಟರಲ್ಲಿ ಎಷ್ಟನೆಯದೆಂದು ಪೆನ್ಸಿಲ್ಲಿನಲ್ಲಿ 1/8, 2/8 ಹೀಗೆ ಬರೆದು, ಮುಂದೆ ಯಾರೂ ಒಂಬತ್ತನೆಯದು ತೆಗೆಯದಂತೆ ಹಲಗೆಯ ಮೇಲೆ ಉಳಿಯಿಂದ ಅಡ್ಡಗೀರು ಎಳೆದ. ಅವ್ವನ ಕೆನ್ನೆಯ ಮೇಲೆ ಉಳಿ ಹಾಯುವಾಗ ಕಣ್ಣೀರು ತಡೆಯಲಾಗಲಿಲ್ಲ. ಅವತ್ತು ವರ್ಷದ ಪುಣ್ಯಸ್ಮರಣೆ. ಬರುವ ಏಳು ಮನೆಯವರಿಗೆ ಏಳು, ತನಗೊಂದು. ಅದೊಂದಿದ್ದರೆ ಅವನಿಗೆ ಸಾಕಿತ್ತು.

ಮೊದಲು ಬಂದವರು ಹೊಸಹಳ್ಳಿಯ ಸೋದರಮಾವ ದೇವೇಂದ್ರಪ್ಪ. ಅವರ ಕೈಗೆ 4/8 ಬಂತು.

“ನಾಲ್ಕಾ? ಅವಳನ್ನ ಎತ್ತಿ ಆಡಿಸಿದೋನು ನಾನು. ನನಗಿಂತ ಮುಂದೆ ಮೂರು ಜನ ಯಾರಯ್ಯ?”

“ಅದು ಮೇಲು ಕೀಳು ಅಂತಲ್ಲ ಮಾವ. ಎಲ್ಲಾ ಒಂದೇ ಹಲಗೇದು...”

“ಹಂಗಾದ್ರೆ ಒಂದು ಅಂತ್ಲೇ ಬರಿ. ಯಾರಿಗೂ ಹೇಳಲ್ಲ.”

ಪಂಚಾಕ್ಷರಿ ರಬ್ಬರು ಉಜ್ಜಿ 1/8 ಎಂದು ಬರೆದುಕೊಟ್ಟ. ಹಿಂದೆಯೇ ಲಗ್ಗೆರೆಯಿಂದ ಅಕ್ಕ ಸುವರ್ಣಾ ಬಂದಳು. “ಕೊನೇ ಮೂರು ತಿಂಗಳು ಅವ್ವನಿಗೆ ಗಂಜಿ ಕುಡಿಸಿದೋಳು ನಾನು ಕಣೋ. ನನಗೆ ಆರಾ?” ಮಾತು ನಿಜವಾಗಿತ್ತು. ರಬ್ಬರು ಮತ್ತೆ ಬಂತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಏಳು ಮನೆಗೂ ಒಂದನೇ ನಂಬರು ಸಿಕ್ಕಿತ್ತು. ಎಲ್ಲರೂ ಅದನ್ನು ಕದ್ದ ಮಾಲಿನಂತೆ ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡೇ ಹೋಳಿಗೆ ಮುರಿದರು. ತನ್ನದನ್ನು ಅವನು 8/8 ಎಂದೇ ಉಳಿಸಿಕೊಂಡು ಗೋಡೆಗೆ ತೂಗುಹಾಕಿದ.

ತುಪ್ಪ ಬಡಿಸಲು ಬಂದಿದ್ದ ಮನೆ ಓನರ್ ಜಯದೇವಿ ಸುಮ್ಮನಿರಬೇಕಲ್ಲ! “ಎಲ್ಲಿ, ನೋಡೋಣ ಬಿಚ್ಚಿ,” ಎಂದು ಒಂದೊಂದೇ ಸುರುಳಿ ಬಿಚ್ಚಿಸಿದರು. “ಅಯ್ಯೋ, ನಿಮ್ದೂ ಒಂದಾ? ಇವರ್ದೂ ಒಂದೇ ಅಲ್ವಾ!”

ಪಂಕ್ತಿಗೆ ಪಂಕ್ತಿಯೇ ಊಟ ನಿಲ್ಲಿಸಿತು.

“ಎಲ್ಲಾ ಡೂಪ್ಲಿಕೇಟು!” ಮಾವ ಗುಡುಗಿದರು. “ಒಂದು ಅಂತ ಬರೀದೇ ಇರೋದು ಆ ಗೋಡೇದೊಂದೇ. ಅಸಲಿ ತಾನಿಟ್ಕೊಂಡು ನಮಗೆ ನಕಲಿ ಹಂಚಿದಾನೆ.”

ಪಂಚಾಕ್ಷರಿ ಅತ್ತು ಹೇಳಿದರೂ ಯಾರೂ ನಂಬಲಿಲ್ಲ. ಜಯದೇವಿಯವರೇ ಪಂಚಾಯ್ತಿ ಮಾಡಿದರು: ಅಸಲಿ ಚಿತ್ರ ಏಳು ಮನೆಯಲ್ಲೂ ಒಂದೊಂದು ವರ್ಷ ಇರಬೇಕು, ಮೊದಲು ಮಾವನ ಮನೆ. ಗೋಡೆಯಿಂದ ಚಿತ್ರ ಇಳಿಯಿತು.

“ಹಾಗಾದ್ರೆ ನಿಮ್ಮ ಡೂಪ್ಲಿಕೇಟಲ್ಲಿ ಒಂದಾದ್ರೂ ನನಗೆ ಕೊಡಿ ಮಾವ.”

“ಡೂಪ್ಲಿಕೇಟ್ ಆದ್ರೇನೋ, ಅವಳ ಮುಖ ಅಲ್ವಾ? ಕೊಡೋಕೆ ಮನಸು ಬರಲ್ಲ. ನೀನು ಫೋನಲ್ಲಿ ಒಂದು ಹೊಡ್ಕೋ.”

ಸಂಜೆ ಅಕ್ಕ ಆಟೋ ಹತ್ತುವಾಗ ಪಂಚಾಕ್ಷರಿ ಅವಳ ಕೈಯ ಸುರುಳಿಯನ್ನೇ ನೋಡುತ್ತ ನಿಂತ. ಅವಳು ಆಟೋದಿಂದ ತಲೆ ಹೊರಗೆ ಹಾಕಿದಳು.

“ಅಳಬೇಡ ಕಣೋ. ಭಾನುವಾರ ಲಗ್ಗೆರೆಗೆ ಬಾ, ಅವ್ವನ್ನ ನೋಡ್ಕೊಂಡು ಹೋಗು. ಬರೋಕ್ಮುಂಚೆ ಫೋನ್ ಮಾಡು, ಒಂದೊಂದ್ಸಲ ನಾವು ಮನೇಲಿರಲ್ಲ.”