ಕಿವಿರಾಯರ ದಪ್ಪ ವಯರು

"ಇರುವೆ ಆಕಳಿಸಿದರೂ ನನಗೆ ಕೇಳಿಸುತ್ತೆ. ಇನ್ನು ವಯರು ಬದಲಾದರೆ ಕೇಳಿಸಲ್ವಾ?" ಎಂದು ಎದೆ ತಟ್ಟಿಕೊಂಡವರು ಕಿವಿರಾಯರು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ ಅವರದು, ಹೆಸರು ಅಂಟಿಕೊಂಡದ್ದೂ ಅಲ್ಲಿಂದಲೇ. ಗಾಜಿನ ಗೂಡಿನೊಳಗೆ ಕೂತವರ ಕಿವಿಗೆ ಹೆಡ್‌ಫೋನ್ ಹಾಕಿ, ಸಣ್ಣ ಸದ್ದು ಬಿಟ್ಟು, "ಕೇಳಿಸಿದರೆ ಬಟನ್ ಒತ್ತಿ" ಅನ್ನಬೇಕು. ನಡುನಡುವೆ ರಾಯರು ಸದ್ದೇ ಬಿಡದೆ ಸುಮ್ಮನಿರುತ್ತಾರೆ. ಆಗಲೂ ಕೆಲವರು ಟಕ್ಕಂತ ಒತ್ತುತ್ತಾರೆ. ಸಂಜೆ ಮನೆಗೆ ಬಂದು ಹೆಂಡತಿಗೆ ಅಂಥವರ ಕಥೆ ಹೇಳಿ ನಗುವುದೇ ರಾಯರ ಪರಮಾನಂದ. "ಕಿವಿಗೇನೂ ಆಗಿಲ್ಲ ಕಣೇ, ಆಸೆ ಜಾಸ್ತಿ ಅಷ್ಟೆ!"

ಇಂಥ ರಾಯರು ಹಾಡು ಕೇಳುವ ಆಂಪ್ಲಿಫೈಯರಿಗೆ ಹೊಸ ಪವರ್ ವಯರು ತಂದರು. ಕಪ್ಪಗೆ, ಮಣಿಕಟ್ಟಿನಷ್ಟು ದಪ್ಪ, ಒಂದೇ ಮೀಟರ್ ಉದ್ದ. ಅದರೊಳಗೆ ಕರೆಂಟು ಶುದ್ಧವಾಗಿ ಹರಿದು ಹಾಡು ಕೆನೆಹಾಲಾಗಿ ಬರುತ್ತದಂತೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ನಾಯಿಯ ಬಾಲ ನೆಟ್ಟಗಾಗುವುದಿಲ್ಲ, ಈ ವಯರು ಡೊಂಕಾಗುವುದಿಲ್ಲ. ಆಂಪ್ಲಿಫೈಯರ್ ಇಟ್ಟ ಕಪಾಟಿನ ಹಿಂದಿನ ಪ್ಲಗ್ಗಿಗೆ ಅದನ್ನು ಸಿಕ್ಕಿಸಿ ಕಪಾಟನ್ನು ಹಿಂದಕ್ಕೆ ತಳ್ಳಿದರೆ, ಬಗ್ಗಲೊಲ್ಲದ ವಯರು ಕಪಾಟನ್ನೇ ಮುಂದಕ್ಕೆ ಒದ್ದಿತು. ಕಪಾಟು ಕುರ್ಚಿಗೆ ಗುದ್ದಿತು, ಕುರ್ಚಿ ನೀರಿನ ಹೂಜಿಗೆ ಗುದ್ದಿತು, ನೀರೆಲ್ಲ ಹೋಗಿ ರಾಯರ ಅಮ್ಮನ ಹಾಸಿಗೆ ಸೇರಿತು.

ಉಳಿದದ್ದು ಕಿಟಕಿ ಪಕ್ಕದ ಪ್ಲಗ್ಗು. ಅಲ್ಲಿ ಹೆಂಡತಿಯ ಹೊಲಿಗೆ ಮಿಷಿನ್ನು.

"ನಿನ್ನ ಮಿಷಿನ್ನು ಒಳಗಿನ ಕೋಣೆಗೆ ಹೋಗಲಿ."

"ಅಲ್ಲಿ ಬೆಳಕೇ ಇಲ್ಲ. ಸೂಜಿಗೆ ದಾರ ನಿಮ್ಮ ಕಿವಿಯಿಂದ ಪೋಣಿಸಲಾ?"

"ಸಂಗೀತಕ್ಕೆ ತ್ಯಾಗ ಬೇಕು ಕಣೇ."

"ತ್ಯಾಗ ಯಾವಾಗಲೂ ನಂದೇ ಯಾಕ್ರೀ?"

ಹನ್ನೆರಡು ವರ್ಷ ಕಿಟಕಿಯ ಬೆಳಕಲ್ಲಿ ಬೀದಿಯ ಮಕ್ಕಳಿಗೆಲ್ಲ ಅಂಗಿ ಹೊಲಿದವಳು ಆಕೆ. ಮೂಲೆ ಹೋದರೆ ಕೆಲಸವೇ ಹೋದಂತೆ. ಆದರೆ ಅಳುತ್ತಾ ಕೂರುವ ಪೈಕಿಯಲ್ಲ.

"ಸರಿ, ಕಣ್ಣು ಕಟ್ಟಿಕೊಂಡು ಕೂರಿ. ಹಳೇ ವಯರೋ ಹೊಸದೋ ಅಂತ ಮೂರು ಸಲ ಹೇಳಿ. ಮೂರೂ ಸರಿಯಾದರೆ ಮೂಲೆ ನಿಮ್ಮದು. ತಪ್ಪಿದರೆ ಮತ್ತೆ ಅದರ ಸುದ್ದಿ ಎತ್ತಬಾರದು."

"ಮೂರಲ್ಲ, ಮೂವತ್ತು ಸಲ ಹೇಳ್ತೀನಿ!"

ಅಮ್ಮ ಪಂಚಾಯ್ತಿಗೆ ಕೂತರು. ಕಪಾಟನ್ನು ಎಳೆದು ಜಾಗ ಮಾಡಿದ್ದಾಯಿತು. ರಾಯರು ಟವೆಲ್ಲು ಕಣ್ಣಿಗೆ ಬಿಗಿದು, ಪಟ್ಟಾಭಿಷೇಕಕ್ಕೆ ಹೊರಟವರಂತೆ ಸೋಫಾ ಏರಿದರು.

ಟಕ್. ಸ್ವಿಚ್ಚು ಆಫ್ ಆಯಿತು. ಏನೋ ಸರಭರ ಸದ್ದು. ಟಕ್. ಹಾಡು ಶುರುವಾಯಿತು.

"ಹಳೇದು. ಗಾಯಕಿ ಕಂಬಳಿ ಹೊದ್ದು ಹಾಡ್ತಿದ್ದಾಳೆ."

ಟಕ್, ಸರಭರ, ಟಕ್.

"ಹೊಸದು! ಕಂಬಳಿ ತೆಗೆದಳು ನೋಡು. ಉಗುಳು ನುಂಗಿದ್ದೂ ಕೇಳಿಸ್ತಿದೆ."

"ಖಂಡಿತಾನಾ?" ಹೆಂಡತಿ ಕೇಳಿದಳು.

"ನನ್ನ ಕಿವಿ ಮೇಲಾಣೆ."

ಮೂರನೆಯ ಸಲ ರಾಯರು ಬಹಳ ಹೊತ್ತು ತಲೆದೂಗಿ, ಆಮೇಲೆ ಗಹಗಹಿಸಿ ನಕ್ಕರು. "ಇದೂ ಹೊಸದೇ. ನೀನು ಬದಲಾಯಿಸೇ ಇಲ್ಲ. ನನ್ನನ್ನ ಏಮಾರಿಸೋಕೆ ನೋಡ್ತೀಯಾ?"

"ಅದೊಂದು ಮಾತು ನಿಜ," ಎಂದಳು ಹೆಂಡತಿ. "ಬದಲಾಯಿಸೇ ಇಲ್ಲ."

ರಾಯರು ಟವೆಲ್ಲು ಕಿತ್ತರು. ಹಳೆಯ ವಯರು ಹಳೆಯ ಜಾಗದಲ್ಲೇ ಇತ್ತು. ಹೊಸ ವಯರು ಅಮ್ಮನ ಮಡಿಲಲ್ಲಿತ್ತು.

"ಮೊದಲಿಂದ ನಾನೇ ಹಿಡ್ಕೊಂಡು ಕೂತಿದೀನಿ ಮಗನೇ," ಎಂದರು ಅಮ್ಮ. "ತೂಕ ಮಾತ್ರ ಚೆನ್ನಾಗಿದೆ."

"ಮತ್ತೆ ಆ ಸರಭರ?"

"ಹೊಲಿದ ಅಂಗಿ ಮಡಿಚ್ತಿದ್ದೆ," ಎಂದಳು ಹೆಂಡತಿ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ ರಾಯರಿಗೆ ಮೀಸೆಯೂ ಇರಲಿಲ್ಲ. ಅಮ್ಮ ಸೊಸೆಯತ್ತ ತಿರುಗಿ, "ಇವನ ಕಿವಿಗೆ ಏನಾದರೂ ಆಗಿದೆಯೇನೇ?" ಎಂದು ಗಾಬರಿಯಿಂದ ಕೇಳಿದರು.

"ಕಿವಿಗೇನೂ ಆಗಿಲ್ಲ ಅತ್ತೆ. ಆಸೆ ಜಾಸ್ತಿ ಅಷ್ಟೆ."

ಕಿಟಕಿ ಪಕ್ಕದಲ್ಲಿ ಮಿಷಿನ್ನು ಗಡಗಡ ಶುರುವಾಯಿತು.

ಮರುದಿನ ಗಾಜಿನ ಗೂಡಿನಲ್ಲಿ ಒಬ್ಬ ಅಜ್ಜ ಕೂತಿದ್ದರು. ರಾಯರು ಸದ್ದೇ ಬಿಟ್ಟಿರಲಿಲ್ಲ, ಅಜ್ಜ ಟಕ್ಕಂತ ಬಟನ್ ಒತ್ತಿದರು. ರಾಯರು ನಗಲಿಲ್ಲ. ಮೆಲ್ಲಗೆ ಬಾಗಿಲು ತೆಗೆದು, "ಏನು ಕೇಳಿಸ್ತು ಅಜ್ಜ?" ಎಂದರು.

"ಸಣ್ಣಗೆ, ಇಂಪಾಗಿ ಏನೋ ಬಂತಪ್ಪ."

ರಾಯರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

"ನನಗೂ ನಿನ್ನೆ ಹಾಗೇ ಬಂತು. ನಿಮಗೆ ಉಗುಳು ನುಂಗಿದ್ದೂ ಕೇಳಿಸ್ತಾ?"